ಸಾವಿರ ಬೀಡಿಗೆ ಮೂವತ್ತು

"ಮೂವತ್ತಕ್ಕಿಂತ ಒಂದು ರೂಪಾಯಿನೂ ಕಡಿಮಿ ಇಲ್ಲ!"

ತವನಪ್ಪ ಮೇಜು ಗುದ್ದಿದ. ನೀರಿನ ಲೋಟ ಉರುಳಿತು.

ನಿಪ್ಪಾಣಿಯ ಆ ಬೀಡಿ ಕಾರ್ಖಾನೆಯಲ್ಲಿ ಕೆಲಸ ನಿಂತು ಅಂದಿಗೆ ಹನ್ನೊಂದು ದಿನ. ನಾನೂರು ಹೆಣ್ಣುಮಕ್ಕಳು ಮನೆಯಲ್ಲಿ ಕೂತಿದ್ದರು. ಸಾವಿರ ಬೀಡಿಯ ಮಜೂರಿ ಎಷ್ಟು ಏರಬೇಕೆಂಬ ಒಂದೇ ಮಾತಿಗೆ ಆರು ಸಭೆಗಳು ಮುರಿದಿದ್ದವು. ಇದು ಏಳನೆಯದು. ಕಾರ್ಮಿಕ ಅಧಿಕಾರಿ ಶೈಲಾ ನಡುವೆ ಕೂತಿದ್ದಳು. ಅವಳ ಎಡಕ್ಕೆ, ಕಾರ್ಮಿಕರ ಕುರ್ಚಿಯಲ್ಲಿ, ತವನಪ್ಪ. ಬಲಕ್ಕೆ, ಮಾಲೀಕರ ಕುರ್ಚಿಯಲ್ಲಿ, ಅನುಸೂಯಾ.

"ಹನ್ನೆರಡು," ಅಂದಳು ಅನುಸೂಯಾ. "ತಂಬಾಕಿನ ದರ ಏರೈತಿ, ಎಲಿ ದರ ಏರೈತಿ. ಮೂವತ್ತು ಕೊಟ್ಟು ಕಾರ್ಖಾನೆ ನಡಸೂದು ಹ್ಯಾಂಗ್ರಿ?"

"ಪ್ರತಿ ಸಲ ಇದ ಹಾಡು! ಹೆಣ್ಮಕ್ಕಳು ಆರು ತಾಸು ಬೆನ್ನು ಬಗ್ಗಿಸಿ ಕೂತ್ರ ಸಾವಿರ ಬೀಡಿ ಆಗ್ತಾವು. ಆ ಬೆನ್ನಿಗೆ ಬೆಲಿ ಇಲ್ಲೇನು?"

"ಆರು ತಾಸಿನ್ಯಾಗ ಸಾವಿರ ಎಲ್ಲಿ ಆಗ್ತಾವ್ರಿ? ಒಂಬತ್ತು ತಾಸು ಬೇಕು!" ಅಂದುಬಿಟ್ಟ ಅನುಸೂಯಾ ತುಟಿ ಕಚ್ಚಿಕೊಂಡಳು.

"ಕೇಳಿದ್ರೇನ್ರಿ ಮೇಡಂ? ಅವರ ಬಾಯಿಂದನ ಬಂತು, ಒಂಬತ್ತು ತಾಸು!"

ಅನುಸೂಯಾ ಒಂದು ಕ್ಷಣ ತಡವರಿಸಿದಳು. ಮರುಕ್ಷಣವೇ ಗದ್ದ ಎತ್ತಿದಳು. "ಒಂಬತ್ತು ತಾಸು ಹಿಡಿತೈತಿ ಅಂದ್ರ ಕೈ ನಿಧಾನ ಅಂತ ಅರ್ಥ. ನಿಧಾನ ಮಾಡೋರಿಗೆ ಹೆಚ್ಚಿಗಿ ಯಾಕ ಕೊಡಬೇಕು?"

ತವನಪ್ಪನ ಮೈ ಉರಿಯಿತು. ಇಷ್ಟು ಸರಳವಾದ ನ್ಯಾಯ ಇವಳ ಕಣ್ಣಿಗೆ ಬೀಳುತ್ತಿಲ್ಲವಲ್ಲ! ಯಾವ ಲೆಕ್ಕ ಕೊಟ್ಟರೂ ತನ್ನ ಕಡೆಗೇ ತಿರುಗಿಸಿಕೊಳ್ಳುತ್ತಾಳೆ. ಕಲ್ಲಿಗೆ ಹೇಳಿದಂತೆ.

"ಮಂದಿ ಹೊಟ್ಟಿ ಮ್ಯಾಲ ಹೊಡ್ಯಾಕತ್ತೀರಿ ನೀವು," ಎಂದ. ದನಿ ನಡುಗುತ್ತಿತ್ತು.

ಶೈಲಾ ಗಡಿಯಾರ ನೋಡಿ ಕಡತ ಮುಚ್ಚಿದಳು.

"ಸಾಕು. ಒಬ್ಬರ ಜಾಗಾದಾಗ ಒಬ್ಬರು ಕೂತು ಒಂದು ತಾಸು ವಾದ ಮಾಡ್ರಿ ಅಂದಿದ್ದೆ, ಛಲೋ ಮಾಡಿದ್ರಿ. ಅನುಸೂಯಾಬಾಯಿ, ನೀವಿನ್ನ ನಿಮ್ಮ ಕಾರ್ಮಿಕರ ಕುರ್ಚಿಗೆ ಬರ್ರಿ. ಸಾಹುಕಾರ್ರ, ನೀವು ನಿಮ್ಮ ಮಾಲೀಕರ ಕುರ್ಚಿಗೆ ಹೋಗ್ರಿ. ಈಗ ಹೇಳ್ರಿ, ಎಷ್ಟಕ್ಕ ಒಪ್ಪತೀರಿ?"

ಕಾರ್ಖಾನೆಯ ಮಾಲೀಕ ತವನಪ್ಪ ಒದ್ದೆ ಕಣ್ಣು ಒರೆಸಿಕೊಳ್ಳುತ್ತಲೇ ತನ್ನ ಕುರ್ಚಿಗೆ ಹೋಗಿ ಕೂತು, "ಮೂವತ್ತು ಕೇಳೋರಿಗೆ ತಲಿ ನೆಟ್ಟಗ ಐತೇನ್ರಿ?" ಎಂದ.