ತಪ್ಪಿಗೊಂದು ಕೇಕ್

ಟೂವಾ ಫಾರಂ ತುಂಬಿ ಸಹಿ ಹಾಕಿದಳು. ಡಾಕ್ಟರೇಟಿನ ಆಸೆಗೆ ಎಳ್ಳುನೀರು ಬಿಟ್ಟು, ಅರ್ಧ ದಾರಿಗೇ ಸಿಗುವ ಲೈಸೆನ್ಸಿಯೇಟ್ ಪದವಿ ಪಡೆದು ಹೊರಟುಬಿಡುವುದೆಂದು ತೀರ್ಮಾನವಾಗಿತ್ತು. ಆ ಫಾರಮ್ಮನ್ನೂ ಬೆಳಿಗ್ಗೆ ಪ್ರಿಂಟರಿನಲ್ಲೇ ಮರೆತು ಬಂದಿದ್ದಳು. ತಂದುಕೊಟ್ಟವರು ಲ್ಯಾಬ್ ಟೆಕ್ನಿಷಿಯನ್ ರಾಗ್ನರ್.

ಅವಳ ಮರೆವೇ ಎಲ್ಲಕ್ಕೂ ಕಾರಣ. ಶುಕ್ರವಾರ ಗಾಳಿ ಸೋಸುವ ಫಿಲ್ಟರ್ ಬದಲಾಯಿಸಲು ಮರೆತಳು. ಆರು ವಾರ ಕಣ್ಣಲ್ಲಿ ಕಣ್ಣಿಟ್ಟು ಬೆಳೆಸಿದ್ದ ಯೀಸ್ಟ್ ಸೋಮವಾರ ಬಂದು ನೋಡಿದರೆ ಬೂಸ್ಟು ಹಿಡಿದಿತ್ತು. ಇಂಥ ಕೈಯಿಂದ ಇನ್ನೂ ಎರಡು ವರ್ಷ ಕೆಮಿಕಲ್ ಎಂಜಿನಿಯರಿಂಗ್ ಸಂಶೋಧನೆಯೇ?

ಸ್ವೀಡನ್ನಿನ ಆ ಲ್ಯಾಬಿನಲ್ಲಿ ಒಂದು ಕಟ್ಟಳೆಯಿತ್ತು. ತಪ್ಪು ಮಾಡಿದವರು ಮೂರು ಗಂಟೆಯ ಕಾಫಿಗೆ ಕೇಕ್ ತಂದು, ಎಲ್ಲರೆದುರು ಒಪ್ಪಿಕೊಂಡು, ಒಂದಿಷ್ಟು ಗೇಲಿ ಮಾಡಿಸಿಕೊಂಡರೆ ಮುಗಿಯಿತು. ಆಮೇಲೆ ಯಾರೂ ಆ ಮಾತು ಎತ್ತುವಂತಿಲ್ಲ. ಟೂವಾಗೆ ಕೇಕ್ ತರುವಷ್ಟೂ ಧೈರ್ಯ ಉಳಿದಿರಲಿಲ್ಲ.

ಕಾಫಿ ಕೋಣೆಗೆ ಬಂದರೆ ಮೇಜಿನ ಮೇಲೆ ಆಗಲೇ ಹಸಿರು ಕೇಕ್ ಕೂತಿತ್ತು. ರಾಗ್ನರ್ ಚಾಕು ಹಿಡಿದು ನಿಂತಿದ್ದರು.

“ಟೂವಾನ ಯೀಸ್ಟ್ ಹಾಳು ಮಾಡಿದ್ದು ನಾನು ಕಣ್ರಪ್ಪ. ಶುಕ್ರವಾರ ಫಿಲ್ಟರ್ ಬದಲಾಯಿಸೋದು ಮರ್ತೇಹೋಯ್ತು.”

“ವಯಸ್ಸಾಯ್ತು ನಿಮ್ಗೆ, ಮನೇಲಿರಿ,” ಎಂದು ಯಾರೋ ಕಾಲೆಳೆದರು.

“ಅದಕ್ಕೇ ಬರೋ ತಿಂಗ್ಳು ರಿಟೈರ್ ಆಗ್ತಿದೀನಲ್ಲ. ತಗೊಳಮ್ಮ ಟೂವಾ, ನಿಂಗೆ ದೊಡ್ಡ ತುಂಡು.”

ಟೂವಾ ತಟ್ಟೆ ಹಿಡಿದು ಅವರತ್ತ ನೋಡಿದಳು. ಶುಕ್ರವಾರ ರಾಗ್ನರ್ ಕೆಲಸಕ್ಕೇ ಬಂದಿರಲಿಲ್ಲ. ಹೆಂಡತಿಯನ್ನು ಕಣ್ಣಿನ ಆಪರೇಷನ್ನಿಗೆ ಕರೆದುಕೊಂಡು ಹೋಗಿದ್ದರು. ಅಷ್ಟು ಜನರೆದುರು ಅವರ ಮಾತನ್ನು ಸುಳ್ಳೆನ್ನಲು ಅವಳಿಗೆ ಮನಸ್ಸು ಬರಲಿಲ್ಲ. ಕೊಟ್ಟ ತುಂಡನ್ನು ಹೇಗೋ ತಿಂದು ಮುಗಿಸಿ, ನೇರ ಪ್ರೊಫೆಸರ್ ಗುನ್ವೋರ್ ಅವರ ಕೋಣೆಗೆ ಹೋಗಿ ಫಾರಂ ಮುಂದಿಟ್ಟಳು.

“ಫಿಲ್ಟರ್ ಮರ್ತಿದ್ದು ನಾನು. ರಾಗ್ನರ್ ಅವತ್ತು ಬಂದೇ ಇರ್ಲಿಲ್ಲ.”

“ಗೊತ್ತು. ಅವರಿಗೆ ರಜೆ ಕೊಟ್ಟಿದ್ದು ನಾನೇ ಅಲ್ವಾ.”

“ನನ್ನಂಥೋಳಿಗೆ ಡಾಕ್ಟರೇಟ್ ಯಾಕೆ? ಇಷ್ಟಕ್ಕೇ ನಿಲ್ಲಿಸ್ಬಿಡ್ತೀನಿ.”

ಗುನ್ವೋರ್ ಫಾರಂ ಓದಲೇ ಇಲ್ಲ. ಅದನ್ನು ಮೆಲ್ಲಗೆ ಅವಳತ್ತ ಸರಿಸಿದರು.

“ಇನ್ನೊಂದು ವಾರ ನಿನ್ನ ಹತ್ರನೇ ಇರ್ಲಿ. ರಾಗ್ನರ್ ಇಲ್ಲಿಗೆ ಬಂದು ಮೂವತ್ತೊಂದು ವರ್ಷ ಆಯ್ತು. ಹನ್ನೊಂದು ಕೇಕ್ ತಂದಿದಾರೆ, ಒಂದು ತಪ್ಪೂ ಮಾಡಿಲ್ಲ. ಮೊದಲ್ನೇ ಕೇಕ್ ತಂದ ದಿನ ನನ್ನ ಚೀಲದಲ್ಲೂ ಇದೇ ಫಾರಂ ಇತ್ತು.”