ವಿಶಲ್ ಊದುವ ಮೊದಲೇ

ಸನ್ಮಾನದ ಶಾಲು ಹೆಗಲೇರಿದಾಗಿನಿಂದ ಹಳೆಯ ಆಟಗಾರನಿಗೆ ವೇದಿಕೆಯ ಕುರ್ಚಿಯಲ್ಲಿ ಕೂರಲಾಗುತ್ತಿರಲಿಲ್ಲ.

"ಆಗೆಲ್ಲ ಫೌಲ್ ಮಾಡಿದವರು ತಾವೇ ಕೈ ಎತ್ತಿ ಒಪ್ಪಿಕೊಳ್ಳಬೇಕಿತ್ತು," ನಿರೂಪಕ ಮೈಕಿನಲ್ಲಿ ಹೇಳುತ್ತಿದ್ದ. "ಹದಿನೆಂಟು ವರ್ಷ ಬ್ಯಾಸ್ಕೆಟ್‌ಬಾಲನ್ನೇ ವೃತ್ತಿ ಮಾಡಿಕೊಂಡಿದ್ದ ನಮ್ಮ ಕ್ಯಾಪ್ಟನ್, ರೆಫ್ರಿ ವಿಶಲ್ ಊದುವ ಮೊದಲೇ ಕೈ ಎತ್ತುತ್ತಿದ್ದರು!"

ಸಭಾಂಗಣದ ತುಂಬ ಚಪ್ಪಾಳೆ.

"ಯಾಕ್ರೀ ಒಂದೇ ಸಮ ಒದ್ದಾಡ್ತಿದ್ದೀರಾ?" ಪಕ್ಕದಲ್ಲಿದ್ದ ಹೆಂಡತಿ ಪಿಸುಗುಟ್ಟಿದಳು.

"ಮುಂದಿನ ಸಾಲಲ್ಲಿ ಊರುಗೋಲು ಹಿಡ್ಕೊಂಡು ಕೂತಿದ್ದಾನಲ್ಲ, ನನ್ನ ಕೊನೇ ಫೈನಲ್‌ನಲ್ಲಿ ಬಿದ್ದು ಮಂಡಿ ಮುರ್ಕೊಂಡೋನು ಅವನೇ."

"ಪಾಪ, ಅವರ ಆಟ ಅವತ್ತೇ ಮುಗೀತಲ್ವಾ?"

"ಹೂಂ. ಕಪ್ ನಮ್ಗೆ ಬಂತು."

ಅಷ್ಟರಲ್ಲಿ ಊರುಗೋಲಿನವನೇ ಹಾರ ಹಿಡಿದು ಕುಂಟುತ್ತ ವೇದಿಕೆ ಹತ್ತಿದ. ಹಾರ ಹಾಕಿ ತಬ್ಬಿಕೊಂಡ.

"ಅವತ್ತು ನೆಲ ಒದ್ದೆ ಇತ್ತು ಕಣಯ್ಯಾ, ಜಾರಿಬಿಟ್ಟೆ. ಇಲ್ದಿದ್ರೆ ನಿನ್ನ ಗೆಲ್ಲೋಕೆ ಬಿಡ್ತಿದ್ನಾ?" ಎಂದು ನಕ್ಕ.

"ಈಗ ಕ್ಯಾಪ್ಟನ್ ಎರಡು ಮಾತಾಡಬೇಕು," ಎಂದು ನಿರೂಪಕ ಮೈಕ್ ಚಾಚಿದ.

ಕ್ಯಾಪ್ಟನ್ ಮೈಕ್ ಮುಟ್ಟಲಿಲ್ಲ. ಹಾರವನ್ನೂ ಶಾಲನ್ನೂ ತೆಗೆದು ಕುರ್ಚಿಯ ಮೇಲಿಟ್ಟ. ಊರುಗೋಲಿನವನ ಎದುರು ಬಂದು ನಿಂತು, ಬಲಗೈಯನ್ನು ತಲೆಯ ಮೇಲಕ್ಕೆ ನೆಟ್ಟಗೆ ಎತ್ತಿದ.