ಬಿಳಿ ಲಾಟೀನಿನ ಓಣಿ

"ಕೆಂಪು ಲಾಟೀನುಗಳ ನೂಕುನುಗ್ಗಲು ಬಿಡಿ. ಹಿಂದಿನ ಓಣಿಯಲ್ಲಿ ಬಿಳಿ ಲಾಟೀನು ತೂಗುವ ಮನೆಯಿದೆ, ಅಲ್ಲಿ ಫೋಟೊ ತೆಗೆಸಿಕೊಳ್ಳಿ" ಎಂದು ಚೀನಾದ ಒಂದು ಹಳೇಪೇಟೆಗೆ ಹೋಗುವವರಿಗೆಲ್ಲ ಹೇಳಿಕೊಟ್ಟವಳು ಪ್ರವಾಸದ ಬರಹಗಾರ್ತಿ ವನಮಾಲಾ. ಅಲ್ಲಿ ಸಾವಾದ ಮನೆಗೆ ಮಾತ್ರ ಬಿಳಿ ಲಾಟೀನು ಕಟ್ಟುತ್ತಾರೆಂದು ತಡವಾಗಿ ತಿಳಿಯಿತು. ಸೂತಕದ ಬಾಗಿಲಲ್ಲಿ ಜನ ಹಲ್ಲುಕಿರಿದು ನಿಂತ ಫೋಟೊಗಳನ್ನು ಕಂಡು ಅವಳು ಆ ಮನೆಯವರ ಕ್ಷಮೆ ಕೇಳಲೆಂದು ಮತ್ತೆ ಹೊರಟಳು.

ಹೋಗಿ ನೋಡಿದರೆ, ಓಣಿಯುದ್ದಕ್ಕೂ ಬಿಳಿ ಲಾಟೀನುಗಳು!

"ಅಯ್ಯೋ ಅಜ್ಜಿ, ಇಷ್ಟೊಂದು ಸಾವೇ?" ಎಂದು ಚಹಾದಂಗಡಿಯ ಮುದುಕಿಯನ್ನು ಕೇಳಿದಳು.

"ಸಾವೆಲ್ಲಿ ಬಂತಮ್ಮ! ಬಿಳಿ ಲಾಟೀನಿಲ್ದಿದ್ರೆ ಫೋಟೊಗೆ ಬರೋ ಗಿರಾಕಿಗಳು ಒಳಗೇ ಬರಲ್ಲ" ಎಂದು ಅಜ್ಜಿ ನಕ್ಕಳು. "ಮೊನ್ನೆ ಎದುರುಮನೆಯವನೂ ಒಂದು ಕಟ್ಟಿದ. ಇವನೂ ಅಂಗಡಿ ತೆಗೆದ ಅಂದ್ಕೊಂಡ್ವಿ. ಹೆಂಡ್ತಿ ಸತ್ತಿದ್ಲಂತೆ, ಪಾಪ, ಮಾತಾಡ್ಸೋಕೆ ಒಬ್ರೂ ಹೋಗ್ಲಿಲ್ಲ."